ಬ್ಯಾಟರಿ ಅಂಗಡಿಯ ಹವಳ

ಕಾಸೀಮಸಾಬನ ಗಾಜಿನ ತೊಟ್ಟಿಯ ಸಲುವಾಗಿ ನಾನು ಹೈರಾಣಾದಷ್ಟು ನನ್ನ ಸ್ವಂತ ಹೋಟೆಲಿನ ಸಲುವಾಗಿಯೂ ಆಗಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಗಂಗಾವತಿ ಬಸ್‌ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿ ನನ್ನದು ಚಹಾದ ಹೋಟೆಲು. ಅದರ ಗೋಡೆಗೆ ಗೋಡೆ ಹಚ್ಚಿ ಅವನದು ಬ್ಯಾಟರಿ ಅಂಗಡಿ. ಲಾರಿ ಡ್ರೈವರುಗಳನ್ನು ಬಿಟ್ಟರೆ ಸಮುದ್ರವನ್ನು ಕಣ್ಣಾರೆ ಕಂಡವರು ನಮ್ಮ ಓಣಿಯಲ್ಲಿ ಯಾರೂ ಇರಲಿಲ್ಲ. ಅಂಥ ಊರಿನಲ್ಲಿ ಈ ಪುಣ್ಯಾತ್ಮ ಸಮುದ್ರವನ್ನು ಸಾಕಲು ಹೊರಟ. ಎಮ್ಮೆ ಸಾಕಲಿ, ಕೋಳಿ ಸಾಕಲಿ, ಬೇಡ ಅಂದವರು ಯಾರು? ಅದೆಲ್ಲ ಬಿಟ್ಟು ಉಪ್ಪುನೀರು ಸಾಕಿದ.

ಮನುಷ್ಯ ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ಒಂದು ದಿನ ಜಗಳಾಡಿ ಕೈತೊಳೆದುಕೊಳ್ಳಬಹುದಿತ್ತು. ತೆಳ್ಳಗೆ, ಎತ್ತರಕ್ಕೆ ಇದ್ದ. ಆಸಿಡ್ ಸಿಡಿದು ಸಿಡಿದು ಅವನ ಪೈಜಾಮದ ತುಂಬ ತೂತು. ಬ್ಯಾಟರಿಯ ಮುಚ್ಚಳ ಬಿಚ್ಚಿ, ಒಂದು ಕಣ್ಣು ಮುಚ್ಚಿ ಒಳಗೆ ನೋಡಿ, "ಜೀವ ಐತಿ" ಅಥವಾ "ಇಲ್ಲಪಾ, ಹೋಗೈತಿ" ಎನ್ನುತ್ತಿದ್ದ. ಹೋಗಿದೆ ಎಂದು ತಾನೇ ಹೇಳಿದ ಬ್ಯಾಟರಿಯನ್ನೂ ಗುಜರಿಗೆ ಹಾಕಲು ಅವನಿಗೆ ಮನಸ್ಸು ಬರುತ್ತಿರಲಿಲ್ಲ. ಪ್ಲೇಟು ತೊಳೆದು, ಹೊಸ ಆಸಿಡ್ ಸುರಿದು, ಚಾರ್ಜಿಗೆ ಇಟ್ಟು, ತೆಗೆದು, ಮತ್ತೆ ಇಟ್ಟು, ಬ್ಯಾಟರಿಯ ಮಾಲೀಕನೇ ಬೇಸತ್ತು "ಸಾಕು ಬಿಡು ಮಾರಾಯ" ಎಂದರೂ ಬಿಡುತ್ತಿರಲಿಲ್ಲ. ಹಟವೆಂದರೆ ಅಂಥ ಹಟ. ಯಾರು ಏನು ಹೇಳಿದರೂ ತಲೆ ಅಲ್ಲಾಡಿಸಿ ತನ್ನದೇ ಮಾಡುತ್ತಿದ್ದ.

ಅವನ ತಾಯಿ ಅಬೇದಾಬಿ ಎಪ್ಪತ್ತೆಂಟನೇ ಇಸವಿಯಲ್ಲಿ ತನ್ನ ತಮ್ಮನ ಜೊತೆ ಹಜ್ಜಿಗೆ ಹೋದಳು. ಆಗೆಲ್ಲ ಮುಂಬಯಿಯಿಂದ ಜಹಾಜಿನಲ್ಲಿ ಹೋಗುತ್ತಿದ್ದರು. ಹಜ್ಜು ಮುಗಿಸಿ ಮರಳುವಾಗ ಮುದುಕಿಗೆ ಹಡಗಿನಲ್ಲೇ ಜಡ್ಡಾಯಿತು, ಅಲ್ಲೇ ತೀರಿಕೊಂಡಳು. ದಂಡೆ ಇನ್ನೂ ದೂರವಿತ್ತು. ಕಫನ್ ಸುತ್ತಿ, ನಮಾಜು ಮಾಡಿ, ನೀರಿಗೆ ಬಿಟ್ಟರು. ತಮ್ಮ ಒಬ್ಬನೇ ಊರಿಗೆ ಬಂದು ಸುದ್ದಿ ಹೇಳಿದಾಗ ಓಣಿಯವರೆಲ್ಲ ಪುಣ್ಯವಂತಿ, ಹಜ್ಜು ಮುಗಿಸಿ ಹೋದಳು ಎಂದರು. ಕಾಸೀಮಸಾಬ ಮಾತ್ರ "ಎಲ್ಲಿ?" ಎಂದು ಕೇಳಿದ. ಎಲ್ಲಿ ಬಿಟ್ಟಿರಿ, ಯಾವ ಜಾಗದಲ್ಲಿ? ಪಾಪ, ಆ ಸೋದರಮಾವ ಏನು ಹೇಳಿಯಾನು! ನೀರು ತೋರಿಸಿದ ಹಾಗೆ ಗಾಳಿಯಲ್ಲಿ ಕೈ ಬೀಸಿ ಅಳುತ್ತ ಕುಳಿತ.

ಕಬರಸ್ತಾನದಲ್ಲಿ ಕಾಸೀಮನ ತಂದೆಯ ಗೋರಿಯ ಪಕ್ಕ ತಾಯಿಗೆಂದು ಬಿಟ್ಟಿದ್ದ ಜಾಗ ಹಾಗೇ ಉಳಿಯಿತು. ಷಬೆ ಬರಾತ್‌ಗೆ ಎಲ್ಲರೂ ತಮ್ಮ ತಾಯಂದಿರ ಗೋರಿಗೆ ಹೂವಿನ ಚಾದರ ಒಯ್ಯುವಾಗ ಇವನು ಅಂಗಡಿಯಲ್ಲಿ ಕುಳಿತು ಬ್ಯಾಟರಿ ತೊಳೆಯುತ್ತಿದ್ದ. ಒಮ್ಮೆ ನಾನು ಕೇಳಿದ್ದಕ್ಕೆ, "ಎಲ್ಲಿ ಹಾಕಲೋ ಯಂಕೋಬ ಹೂವು? ಖಾಲಿ ಮಣ್ಣಿನ ಮ್ಯಾಲೇನು?" ಎಂದ.

ಹೂವಿನ ಸುದ್ದಿ ತಂದವನು ದುರುಗಪ್ಪ. ಗಂಗಾವತಿಯ ಅಕ್ಕಿ ತುಂಬಿಕೊಂಡು ಗೋವಾಕ್ಕೆ ಹೋಗುವ ಲಾರಿಯ ಡ್ರೈವರು. ಒಂದು ದಿನ ನನ್ನ ಹೋಟೆಲಿನ ಬೆಂಚಿನ ಮೇಲೆ ಕುಳಿತು ಚಹಾ ಕುಡಿಯುತ್ತ, "ಅಲ್ಲಿ ಸಮುದ್ರದ ನೀರು ಹಿಂದ ಸರದಾಗ ಕಲ್ಲಿನ ಮ್ಯಾಲ ಹೂವು ಕಾಣ್ತಾವ ನೋಡ್ರಿ. ಅಂಗಿ ಗುಂಡಿ ಇದ್ದಂಗ. ನೀರಾಗ ಅರಳ್ತಾವ, ಮುಟ್ಟಿದ್ರ ಮುಚಗೋತಾವ," ಎಂದ. ಕಾಸೀಮಸಾಬ ಚಹಾದ ಬಸಿ ಕೆಳಗಿಟ್ಟ. "ಸಮುದ್ರದಾಗ ಹೂವು ಅರಳ್ತಾವೇನು?" ಎಂದು ಎರಡೆರಡು ಸಲ ಕೇಳಿದ. ಅವನ ಮುಖ ನೋಡಿಯೇ ನನಗೆ ಗೊತ್ತಾಯಿತು, ಇನ್ನು ನಮ್ಮ ಗತಿ ಮುಗಿಯಿತು ಅಂತ.

ಹುಬ್ಬಳ್ಳಿಗೆ ಹೋಗಿ ಒಂದು ಗಾಜಿನ ತೊಟ್ಟಿ ಮತ್ತು ಗಾಳಿ ಊದುವ ಸಣ್ಣ ಕರೆಂಟಿನ ಪಂಪು ತಂದ. ಅಂಗಡಿಯ ಹಿಂದಿನ ಗೋಡೆಗೆ, ಚಾರ್ಜಿನ ಬ್ಯಾಟರಿಗಳಿಂದ ದೂರ, ಮರದ ಹಲಗೆ ಬಡಿದು ಇಟ್ಟ, ಮೇಲೊಂದು ಟ್ಯೂಬ್‌ಲೈಟ್ ಕಟ್ಟಿದ. ದುರುಗಪ್ಪ ಮೊದಲನೇ ಸಲ ಸಮುದ್ರದ ನೀರನ್ನು ಡೀಸೆಲ್ಲಿನ ಕ್ಯಾನಿನಲ್ಲಿ ತುಂಬಿಕೊಂಡು ಬಂದ, ಬುದ್ಧಿವಂತ. ನೀರಿನ ಮೇಲೆ ಬಣ್ಣಬಣ್ಣದ ಎಣ್ಣೆ ತೇಲಿತು. ಅದನ್ನು ಚರಂಡಿಗೆ ಸುರಿದದ್ದಾಯಿತು. ಎರಡನೇ ಸಲ ಹೊಸ ಕ್ಯಾನು ಕೊಟ್ಟು ಕಳಿಸಿದ. ಮಳೆಗಾಲ ಕಳೆದ ಮೇಲೆ ಕಲ್ಲು ಬಂತು. ಒದ್ದೆ ಗೋಣಿಚೀಲದಲ್ಲಿ ಸುತ್ತಿ, ನೀರಿನ ಬಕೆಟ್ಟಿನಲ್ಲಿಟ್ಟು, ದುರುಗಪ್ಪ ಅದನ್ನು ಕ್ಯಾಬಿನ್ನಿನಲ್ಲಿ ತನ್ನ ಪಕ್ಕದಲ್ಲೇ ಇಟ್ಟುಕೊಂಡು ತಂದಿದ್ದ.

"ಇನ್ನೊಂದು ಕೇಳಬ್ಯಾಡ್ರಿ," ಎಂದ ದುರುಗಪ್ಪ. "ಕಲ್ಲು ಒಡಿಯೂದು ನೋಡಿ ಮೀನಗಾರರು ಹೊಡಿಯಾಕ ಬಂದ್ರು. ಇದ ಮೊದಲನೇದು, ಇದ ಕಡೀದು."

ನೋಡಿದರೆ ಏನಿತ್ತು ಅದರಲ್ಲಿ! ಮಣ್ಣು ಮೆತ್ತಿದ ಹಾಗೆ ಕಂದು ಬಣ್ಣದ ಕಲ್ಲು. ನಾನು ಬಿದ್ದು ಬಿದ್ದು ನಕ್ಕೆ. ಆದರೆ ಮರುದಿನ ಮಧ್ಯಾಹ್ನ ಕಾಸೀಮಸಾಬ ನನ್ನ ಕೈ ಹಿಡಿದು ಎಳೆದುಕೊಂಡು ಹೋದ. ಕಲ್ಲಿನ ತುಂಬ ಹೂವು ತೆರೆದಿದ್ದವು. ನಡುವೆ ಹಸಿರು, ಅಂಚಿಗೆ ಕಂದು ಎಸಳು. ನೀರು ಅಲುಗಿದಂತೆ ಎಲ್ಲವೂ ಒಟ್ಟಿಗೆ ಅಲುಗುತ್ತಿದ್ದವು. ನನ್ನ ನಗು ಅಲ್ಲಿಗೇ ನಿಂತಿತು, ಸುಳ್ಳು ಯಾಕೆ ಹೇಳಲಿ.

"ನಮ್ಮವ್ವನ ನೀರಿನ ಹೂವು ಇವು," ಎಂದ. "ಗೋರಿ ಇಲ್ಲಂದ್ರ ಏನಾತು, ಹೂವು ತಾವ ಬಂದಾವ. ಇವು ಇದ್ರ ಸಾಕು ನೋಡು. ಇವು ಹೋದ್ವು ಅಂದ್ರ ನನಗ ಮತ್ತೇನೂ ಉಳಿಯಂಗಿಲ್ಲ."

ಅಂದಿನಿಂದ ಪ್ರತಿ ಗುರುವಾರ ಸಂಜೆ ನಮಾಜು ಮುಗಿಸಿ ಬಂದು, ಆ ತೊಟ್ಟಿಯ ಮುಂದೆ ಸಕ್ಕರೆ ಇಟ್ಟು, ಲೋಬಾನದ ಧೂಪ ಹಾಕಿ, ತಾಯಿಯ ಹೆಸರಿನಲ್ಲಿ ಫಾತೆಹಾ ಓದತೊಡಗಿದ. ಲೋಬಾನಕ್ಕೆ ಕೆಂಡ ನನ್ನ ಹೋಟೆಲಿನ ಒಲೆಯಿಂದ. ದೀಪ ಹಚ್ಚಿದ ಮೇಲೆ ಮನೆಯ ಬೆಂಕಿ ಯಾರಿಗೂ ಕೊಡಬಾರದು ಎಂದು ನಮ್ಮವರ ಪದ್ಧತಿ. ನಾನು ಕೊಟ್ಟೆ. ತಾಯಿಯ ಕೆಲಸಕ್ಕೆ ಇಲ್ಲ ಅನ್ನಲಿಕ್ಕೆ ಆಗುತ್ತದೆಯೇ? ಅವನು ಗಾಳಿಗೆ ಹೊಗೆ ಚದುರದಿರಲಿ ಎಂದು ಅಂಗಡಿಯ ಬಾಗಿಲ ಹಲಗೆಗಳನ್ನು ಅರ್ಧ ಹಾಕಿಕೊಂಡು ಓದುತ್ತಿದ್ದ.

ಬೇಸಿಗೆ ಬಂದದ್ದೇ ತಡ, ನನ್ನ ತಲೆನೋವು ಶುರು. ನಮ್ಮ ಕಡೆಯ ಬಿಸಿಲು ಗೊತ್ತಲ್ಲ, ಕೊಡದಲ್ಲಿಟ್ಟ ನೀರೇ ಸಂಜೆಗೆ ಇಳಿದಿರುತ್ತದೆ. ತೊಟ್ಟಿಯ ನೀರು ದಿನದಿನಕ್ಕೆ ಇಂಗಿತು. ಇಂಗಿದಷ್ಟೂ ಅವನು ಕ್ಯಾನಿನಿಂದ ಸಮುದ್ರದ ನೀರನ್ನೇ ತುಂಬಿದ. ಹೂವು ಕುಗ್ಗತೊಡಗಿದವು. ಎಸಳು ಒಳಗೆ ಎಳೆದುಕೊಂಡು, ಒಣಗಿದ ಗೋಡಂಬಿಯ ಹಾಗೆ ಆದವು. ಗಿರಾಕಿಗಳನ್ನು ನಿಲ್ಲಿಸಿಟ್ಟು ಇವನು ತೊಟ್ಟಿಗೆ ಮೂಗು ಹಚ್ಚಿ ಕೂತಿರುತ್ತಿದ್ದ. ಡ್ರೈವರುಗಳು ಬೇಸತ್ತು ನನ್ನ ಹೋಟೆಲಿಗೆ ಬಂದು ನನ್ನನ್ನೇ ಬೈಯುತ್ತಿದ್ದರು, ಅವನನ್ನು ಎಬ್ಬಿಸಿ ಕಳಿಸು ಎಂದು. ನಾನೇನು ಅವನ ಮ್ಯಾನೇಜರೇ?

ಒಂದು ದಿನ ತಡೆಯಲಾರದೆ ಕೇಳಿದೆ: "ಅಲ್ಲೋ ಕಾಸೀಮ, ಬ್ಯಾಟರ್ಯಾಗ ನೀರು ಇಂಗಿದ್ರ ಆಸಿಡ್ ಹಾಕ್ತೀಯೇನು?"

"ಹುಚ್ಚ ಅದೀಯೇನು? ಆಸಿಡ್ ಎಲ್ಲಿ ಹೋಗ್ತೈತಿ? ಹೋಗೂದು ಬರೇ ನೀರು. ಬ್ಯಾಟರಿ ನೀರು ಹಾಕಬೇಕು."

"ಮತ್ತ ಉಪ್ಪು ಎಲ್ಲಿ ಹೋಗ್ತೈತೋ?"

ಹಣೆ ಹಣೆ ಬಡಿದುಕೊಂಡ. ಡ್ರೈವರುಗಳಿಗೆ ನಿತ್ಯ ಬೈಯುವ ಮಾತನ್ನು ತಾನೇ ಮರೆತಿದ್ದ. ಉಪ್ಪು ಎಷ್ಟು ಏರಿದೆ ಎಂದು ನೋಡಲು ಆಸಿಡ್ ಅಳೆಯುವ ಗಾಜಿನ ಬುಡ್ಡಿಯನ್ನು ತೊಟ್ಟಿಗೆ ಇಳಿಸಿದ. ಅದರೊಳಗಿನ ತೇಲುಕಡ್ಡಿ ತೇಲಲೇ ಇಲ್ಲ, ತಳ ಹಿಡಿದು ಕೂತಿತು. ಅದು ಆಸಿಡ್ಡಿನಂಥ ದಪ್ಪ ನೀರಿಗೆ ಮಾಡಿದ್ದು. ಆಗ ಅವನ ಕಣ್ಣು ನನ್ನ ಹಾಲಿನ ಮೀಟರಿನ ಮೇಲೆ ಬಿತ್ತು. ಗೌಳಿ ಹಾಲಿಗೆ ನೀರು ಬೆರೆಸಿದರೆ ಹಿಡಿಯಲಿಕ್ಕೆ ನಾನು ಹೊಸಪೇಟೆಯಿಂದ ತಂದಿದ್ದ ಗಾಜಿನ ಮೀಟರು ಅದು. ಕೇಳದೆ ಒಯ್ದೇಬಿಟ್ಟ.

ದುರುಗಪ್ಪ ಆಗಷ್ಟೇ ತಂದಿದ್ದ ಹೊಸ ಕ್ಯಾನಿನ ಸಮುದ್ರದ ನೀರಿನಲ್ಲಿ ಬಿಟ್ಟ. ಮೀಟರು ಚೆನ್ನಾಗಿ ತೇಲಿ, ಒಳ್ಳೆಯ ಹಾಲಿನ ಗುರುತಿಗಿಂತ ಸ್ವಲ್ಪವೇ ಕಡಿಮೆ ತೋರಿಸಿತು. ತೊಟ್ಟಿಯ ನೀರಿನಲ್ಲಿ ಬಿಟ್ಟರೆ ಗಟ್ಟಿ ಎಮ್ಮೆ ಹಾಲಿಗಿಂತಲೂ ಮೇಲೆ ಎದ್ದು ನಿಂತಿತು. ಅಷ್ಟು ಉಪ್ಪಾಗಿತ್ತು. ನನಗೆ ಅದಕ್ಕಿಂತ ಸಿಟ್ಟು ಬಂದದ್ದು ಬೇರೆಯದಕ್ಕೆ. ಅಂದು ಬೆಳಿಗ್ಗೆ ಗೌಳಿ ಹಾಕಿದ ಹಾಲು ಸಮುದ್ರದ ನೀರಿಗಿಂತಲೂ ತೆಳ್ಳಗಿತ್ತು. ಆ ಗೌಳಿಯ ಜೊತೆ ನನ್ನ ಜಗಳ ಬೇರೆಯೇ ಕಥೆ, ಅದು ಇಲ್ಲಿ ಬೇಡ.

ನೀರು ತೆಳು ಮಾಡಬೇಕಾಯಿತು. ಅಂಗಡಿಯ ತುಂಬ ಬ್ಯಾಟರಿ ನೀರು ಇಟ್ಟುಕೊಂಡವನು ಅದನ್ನು ಹಾಕಬೇಕೋ ಬೇಡವೋ? "ಅದು ಕಾಸಿ ಹಿಡದ ನೀರು, ಸತ್ತ ನೀರು. ಅವ್ವಗ ಸತ್ತ ನೀರು ಹಾಕಲೇನು?" ಎಂದು ತುಂಗಭದ್ರೆಯ ಕಾಲುವೆಗೆ ಸೈಕಲ್ ಹೊಡೆದುಕೊಂಡು ಹೋಗಿ ಕೊಡ ತುಂಬಿಕೊಂಡು ಬಂದ. ಹರಿಯುವ ನೀರು, ಜೀವ ಇರುವ ನೀರು ಎಂದ. ಬಾಯಿ ಬಡಕೊಂಡೆ, ಕೇಳಲಿಲ್ಲ. ಆಮೇಲೆ ಪಾಚಿ ಹತ್ತಿತು ನೋಡಿ. ಗಾಜಿಗೆ, ಕೊಳವೆಗೆ, ಕಲ್ಲಿಗೆ, ಎಲ್ಲಿ ನೋಡಿದರಲ್ಲಿ ಹಸಿರು ಕೂದಲು. ಹೂವುಗಳ ಬುಡಕ್ಕೆ ಸುತ್ತಿಕೊಂಡು ಕುತ್ತಿಗೆ ಹಿಚುಕಿದ ಹಾಗೆ ಆಯಿತು. ಕಾಸೀಮಸಾಬ ಚಿಮಟ ಹಿಡಿದು ಒಂದೊಂದೇ ಎಳೆ ಕಿತ್ತ. ಇಂದು ಕಿತ್ತರೆ ನಾಳೆ ಅಷ್ಟೇ. ನನಗೂ ಒಂದು ಚಿಮಟ ಕೊಟ್ಟ. ಗಲ್ಲೆಯ ಮೇಲೆ ಕೂರಬೇಕಾದ ನಾನು ಪಾಚಿ ಕೀಳುತ್ತ ನಿಂತೆ, ನನ್ನ ಹಣೆಬರಹ.

ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುವ ಮಾರೆಪ್ಪ ಮಾಸ್ತರರು ನಮ್ಮ ಹೋಟೆಲಿಗೆ ದಿನಾ ಬರುತ್ತಿದ್ದರು. ಅವರನ್ನು ಕರೆದುಕೊಂಡು ಹೋಗಿ ತೋರಿಸಿದೆ. ಬಗ್ಗಿ ನೋಡಿ, ಕನ್ನಡಕ ಒರೆಸಿ ಮತ್ತೆ ನೋಡಿದರು. "ಇದು ಹೂವಲ್ಲ ಸಾಬರ, ಪ್ರಾಣಿ. ಹವಳದ ಜಾತಿಗೆ ಸೇರಿದ್ದು. ಉಂಗುರದಾಗ ಇಡ್ತಾರಲ್ಲ ಹವಳ, ಅದರ ದಾಯಾದಿ. ಕಾಲುವಿ ನೀರಾಗ ಎರಡೂ ಕಡೆ ಗದ್ದಿಗೆ ಹಾಕಿದ ಗೊಬ್ಬರ ಬಂದಿರ್ತದ. ಭತ್ತಕ್ಕ ಹತ್ತಿದ್ದು ಪಾಚಿಗೂ ಹತ್ತತದ. ಆ ನೀರು ಬಿಡ್ರಿ, ಟ್ಯೂಬ್‌ಲೈಟ್ ಹಗಲಷ್ಟ ಹಚ್ಚ್ರಿ," ಎಂದರು. ಪ್ರಾಣಿ ಎಂದು ಕೇಳಿ ಕಾಸೀಮನಿಗೆ ಬೇಸರವಾದೀತು ಎಂದುಕೊಂಡಿದ್ದೆ. ಅವನು ಖುಷಿಯಾದ. "ಹಂಗಂದ್ರ ಅವಕ್ಕ ತಿಳೀತದ," ಎಂದ. ಏನು ತಿಳಿಯುತ್ತದೆ ಎಂದು ನಾನು ಕೇಳಲಿಲ್ಲ.

ಕೊನೆಗೆ ಬ್ಯಾಟರಿ ನೀರಿಗೇ ಬಂದ. ಪಾಚಿ ನಿಧಾನಕ್ಕೆ ಸತ್ತಿತು. ದುರುಗಪ್ಪ ತಂದುಕೊಟ್ಟ ಸಣ್ಣ ಶಂಖದ ಹುಳಗಳು ಉಳಿದದ್ದನ್ನು ಮೇಯ್ದವು. ಮೀಟರು ಸರಿಯಾದ ಗುರುತಿಗೆ ನಿಂತಿತು. ಇನ್ನಾದರೂ ನೆಮ್ಮದಿ ಎಂದುಕೊಂಡೆ. ಎಲ್ಲಿಯ ನೆಮ್ಮದಿ! ಎಲ್ಲ ಸರಿ ಆದ ಮೇಲೂ ವಾರಕ್ಕೊಮ್ಮೆ ಹೂವುಗಳು ಮುಚ್ಚಿಕೊಳ್ಳುತ್ತಿದ್ದವು. ಶುಕ್ರವಾರ ಬೆಳಿಗ್ಗೆ ಬಾಗಿಲು ತೆಗೆದರೆ ಒಂದೂ ತೆರೆದಿರುತ್ತಿರಲಿಲ್ಲ. ವಾರ ಮುಗಿಯುವ ಹೊತ್ತಿಗೆ ಹಾಗೂ ಹೀಗೂ ಅರಳಿದರೆ, ಮತ್ತೆ ಶುಕ್ರವಾರ ಮುಚ್ಚುತ್ತಿದ್ದವು. ಪ್ರತಿ ಸಲ ಅಂಚಿನ ಕೆಲವು ಮತ್ತೆ ತೆರೆಯುತ್ತಲೇ ಇರಲಿಲ್ಲ. ಅಲ್ಲಿ ಬೆಳ್ಳಗಾಗಿ, ಕೊಳೆತು, ನಾತ ಬರತೊಡಗಿತು. ನನ್ನ ಹೋಟೆಲಿನ ಗಿರಾಕಿಗಳು ಮೂಗು ಮುಚ್ಚಿಕೊಂಡು ಇಡ್ಲಿ ತಿನ್ನಬೇಕಾಯಿತು.

"ಅವ್ವ ಸಿಟ್ಟಾಗ್ಯಾಳ," ಎಂದ ಕಾಸೀಮಸಾಬ. ಅವನ ಲೆಕ್ಕ ಅದು. ತಾಯಿ ಹಜ್ಜಿಗೆ ಹೊರಟಾಗ ಮುಂಬಯಿಯವರೆಗೆ ಕಳಿಸಲು ಹೋಗಿರಲಿಲ್ಲ ಇವನು. ಅಂಗಡಿ ಇತ್ತು, ಸುಗ್ಗಿಯ ಲಾರಿಗಳಿದ್ದವು. ಬಸ್‌ಸ್ಟ್ಯಾಂಡಿನಲ್ಲಿ ಬಸ್ಸು ಹತ್ತಿಸಿ ಬಂದಿದ್ದ. "ಫಾತೆಹಾ ಓದಿದ ಮರುದಿನಾನ ಮುಖ ತಿರುವ್ತಾಳ ಅಂದ್ರ ನನ್ನ ಫಾತೆಹಾ ಆಕಿಗೆ ಮುಟ್ಟವಲ್ದು." ಮುಟ್ಟಲಿ ಎಂದು ಲೋಬಾನ ಹೆಚ್ಚು ಮಾಡಿದ. ಹೂವು ಮತ್ತಷ್ಟು ಮುಚ್ಚಿದವು. ಅವನು ಇನ್ನೂ ಹೆಚ್ಚು ಮಾಡಿದ. ಗುರುವಾರ ಬಂತೆಂದರೆ ಅವನ ಅಂಗಡಿಯಿಂದ ನನ್ನ ಅಡಿಗೆಮನೆಗೆ ಹೊಗೆ ನುಗ್ಗಿ ಕಣ್ಣು ಉರಿಯುತ್ತಿತ್ತು. ಅವನ ಮುಖ ಬಾಡಿಹೋಯಿತು. ಗಿರಾಕಿಗಳ ಮೇಲೆ ರೇಗತೊಡಗಿದ. ಜೀವ ಐತಿ, ಇಲ್ಲ ಎನ್ನುವ ಮಾತೂ ನಿಂತಿತು. ನನಗೆ ಅವನನ್ನು ನೋಡಿದರೆ ಅಳು ಬರುತ್ತಿತ್ತು, ತೊಟ್ಟಿ ನೋಡಿದರೆ ಒಡೆದು ಹಾಕಬೇಕು ಎನಿಸುತ್ತಿತ್ತು.

ಒಂದು ಗುರುವಾರ ಮಧ್ಯಾಹ್ನ ಗಾಳಿಮಳೆಗೆ ಕಂಬ ಬಿದ್ದು ಊರಿಗೆಲ್ಲ ಕರೆಂಟು ಹೋಯಿತು. ಪಂಪು ನಿಂತಿತು. ಗಾಳಿ ಇಲ್ಲದಿದ್ದರೆ ಹೂವು ಸಾಯುತ್ತವೆ ಎಂದು ಕಾಸೀಮಸಾಬ ಎದುರಿನ ಪಂಕ್ಚರ್ ಅಂಗಡಿಗೆ ಓಡಿದ. ಅಲ್ಲಿ ಕೈಪಂಪಿನಿಂದ ಲಾರಿಯ ಟ್ಯೂಬಿಗೆ ಗಾಳಿ ಹೊಡೆಸಿಕೊಂಡು ಬಂದು, ಅದರ ಬಾಯಿಗೆ ಪಂಪಿನ ಕೊಳವೆ ಕಟ್ಟಿದ. ಟ್ಯೂಬಿನಿಂದ ಸಣ್ಣಗೆ ಗಾಳಿ ಬಿಟ್ಟಂತೆ ತೊಟ್ಟಿಯಲ್ಲಿ ಗುಳ್ಳೆ ಏಳತೊಡಗಿದವು. ಈ ಬುದ್ಧಿಗೆ ಮಾತ್ರ ಮೆಚ್ಚಿದೆ. ಸಂಜೆ ಕಂದೀಲು ಇಟ್ಟುಕೊಂಡು ಎಂದಿನಂತೆ ಲೋಬಾನ ಹಾಕಿ ಫಾತೆಹಾ ಓದಿದ.

ಶುಕ್ರವಾರ ಬೆಳಿಗ್ಗೆ ಹೋಟೆಲಿಗೆ ಓಡಿ ಬಂದು ನನ್ನನ್ನು ತಬ್ಬಿಕೊಂಡ. ಹೂವು ತೆರೆದೇ ಇದ್ದವು. "ಸಿಟ್ಟು ಬಿಟ್ಲೋ ಯಂಕೋಬ! ಅವ್ವ ಸಿಟ್ಟು ಬಿಟ್ಲು!" ಬೆಂಚಿನ ಮೇಲಿದ್ದವರಿಗೆಲ್ಲ ಸಕ್ಕರೆ ಹಂಚಿದ. ಮುಂದಿನ ಗುರುವಾರ ಕರೆಂಟು ಇತ್ತು. ಖುಷಿಗೆ ದುಪ್ಪಟ್ಟು ಲೋಬಾನ ಹಾಕಿದ. ಮರುದಿನ ನೋಡಿದರೆ ಕಲ್ಲಿನ ಅರ್ಧಭಾಗ ಲೊಳೆಯಾಗಿ ಜೋತುಬಿದ್ದಿತ್ತು. ಕಾಸೀಮಸಾಬ ಬ್ಯಾಟರಿ ಡಬ್ಬಿಯ ಮೇಲೆ ಕುಳಿತು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಿದ್ದ.

ನಾತ ಎಷ್ಟಿದೆ ನೋಡೋಣ ಎಂದು ನಾನು ತೊಟ್ಟಿಯ ಮೇಲೆ ಬಗ್ಗಿದೆ. ಗುಳ್ಳೆಗಳು ಒಡೆಯುವಲ್ಲಿ ಕೊಳೆತ ನಾತದ ಜೊತೆ ಇನ್ನೊಂದು ವಾಸನೆ ಬಂತು. ಲೋಬಾನ! ಬೆಳಗಿನ ಹೊತ್ತು, ಕೆಂಡ ಆರಿ ಬೂದಿಯಾಗಿದೆ, ಅಂಗಡಿಯ ಹೊಗೆ ಯಾವಾಗಲೋ ಹೋಗಿದೆ. ನೀರಿನೊಳಗಿಂದ ಲೋಬಾನ ಬರುತ್ತಿದೆ. ಹಲಗೆಯ ಕೆಳಗೆ ನೋಡಿದೆ. ಅವನು ಕೆಂಡದ ತಟ್ಟೆ ಇಡುವ ಜಾಗಕ್ಕೆ ಸರಿಯಾಗಿ ಮೇಲೆ 'ಗುರ್' ಎನ್ನುತ್ತ ಕೂತಿತ್ತು ಪಂಪು. ಅದು ಗಾಳಿ ಎಳೆದುಕೊಳ್ಳುವ ಕಡೆ ಇದ್ದ ಬಟ್ಟೆಯ ತುಂಡು ಕರ್ರಗೆ ಮಸಿ ಹಿಡಿದಿತ್ತು. ಬಾಗಿಲು ಅರ್ಧ ಮುಚ್ಚಿ ತುಂಬಿಸಿಟ್ಟ ಹೊಗೆಯನ್ನೆಲ್ಲ ಅದು ಎಳೆದು ಎಳೆದು ನೀರಿಗೆ ಊದುತ್ತಿತ್ತು. ಕರೆಂಟು ಹೋದ ಗುರುವಾರ ಮಾತ್ರ ಗಾಳಿ ಲಾರಿ ಟ್ಯೂಬಿನಿಂದ ಬಂದಿತ್ತು, ಅದು ರಸ್ತೆಯ ಗಾಳಿ.

ಹೇಳಿದೆ. ಹೇಳಬಾರದಿತ್ತೋ ಏನೋ, ಹೇಳಿದ ರೀತಿ ಒರಟಾಯಿತೋ ಏನೋ. "ನಿಮ್ಮವ್ವನೂ ಇಲ್ಲ, ಸಿಟ್ಟೂ ಇಲ್ಲ. ನಿನ್ನ ಲೋಬಾನನ ಇವನ್ನ ಕೊಲ್ಲಾಕತ್ತೈತಿ," ಎಂದುಬಿಟ್ಟೆ.

ಎದ್ದು ನಿಂತ. "ನಮ್ಮವ್ವಗ ಫಾತೆಹಾ ಕೊಡಬ್ಯಾಡ ಅಂತೀಯೇನು?"

"ಕೊಡು. ಹೊರಗ ಕೊಡು. ರಸ್ತಾದಾಗ ಹೊಗಿ ಹಾಕು."

"ಆಕಿ ಇರೂದು ಇಲ್ಲಿ! ರಸ್ತಾಕ ತೋರಿಸಲೇನು ಹೊಗಿ? ನಿಮ್ಮವ್ವಗ ಹಂಗ ಮಾಡ್ತಿದ್ದೇನು ನೀ?"

ಬಾಯಿಗೆ ಬಂದದ್ದು ನಾನೂ ಆಡಿದೆ, ಅವನೂ ಆಡಿದ. ವಾರ ಪೂರ್ತಿ ಮಾತಿಲ್ಲ. ಅವನು ಚಹಾ ಕುಡಿಯಲು ಆಚೆ ಬದಿಯ ಹೋಟೆಲಿಗೆ ಹೋದ. ಗೋಡೆಯ ಈಚೆ ಕುಳಿತು ಅವನ ಪಂಪಿನ 'ಗುರ್' ಕೇಳುತ್ತ ನಾನು ಹಲ್ಲು ಕಡಿದುಕೊಂಡೆ. ಇಷ್ಟು ವರ್ಷದ ಗೆಳೆತನ ಒಂದು ಬಕೆಟ್ ಉಪ್ಪುನೀರಿಗೆ ಹೋಯಿತಲ್ಲ ಎಂದು ಗೊಣಗಿದೆ.

ಗುರುವಾರ ಸಂಜೆ ಬಂದೇ ಬಂದ. ಕೈಯಲ್ಲಿ ಲೋಬಾನದ ತಟ್ಟೆ. ನನ್ನ ಮುಖ ನೋಡದೆ ಒಲೆಯ ಕಡೆ ಚಾಚಿದ.

"ಕೆಂಡ ಇಲ್ಲ," ಎಂದೆ.

"ಒಲಿ ತುಂಬ ಅದಾವ."

"ಅದಾವ. ನಿನಗ ಕೊಡಂಗಿಲ್ಲ."

ಬೆಂಚಿನ ಮೇಲಿದ್ದವರ ಬಸಿಗಳು ಬಾಯಿಯ ಹತ್ತಿರವೇ ನಿಂತವು. ಸತ್ತ ತಾಯಿಯ ಕೆಲಸಕ್ಕೆ ಬೆಂಕಿ ಕೊಡುವುದಿಲ್ಲ ಎನ್ನುವುದು ಸಣ್ಣ ಮಾತಲ್ಲ. ಅದೂ ನಾನು ಅವನಿಗೆ. "ಇರೂ ನಾಕು ಹೂವು ಇವತ್ತ ಸತ್ರ ನಾಳೆ ನೀ ನನ್ನ ಮುಂದ ಬಂದು ಅಳ್ತೀ. ನನಗ ಆಗಂಗಿಲ್ಲ ಅದನ್ನ ನೋಡಾಕ. ಕೊಡಂಗಿಲ್ಲ ಅಂದ್ರ ಕೊಡಂಗಿಲ್ಲ," ಎಂದು ಕೂಗಿದೆ.

ಅಷ್ಟರಲ್ಲಿ ಅವನ ಹೆಂಡತಿ ಹಜರತಬೀ ಫಾತೆಹಾಕ್ಕೆಂದು ಸಕ್ಕರೆಯ ತಟ್ಟೆ ಮುಚ್ಚಿಕೊಂಡು ಬಂದಳು. ಜಗಳ ಕೇಳಿ ಹೋಟೆಲಿನ ಮೆಟ್ಟಿಲ ಕೆಳಗೇ ನಿಂತಳು. "ಏನಾತ್ರಿ ಅಣ್ಣಾರ?" ಎಂದು ನನ್ನನ್ನೇ ಕೇಳಿದಳು. ನಾನು ಲೋಬಾನ, ಪಂಪು, ಮಸಿ ಹಿಡಿದ ಬಟ್ಟೆ, ಟ್ಯೂಬಿನ ಗಾಳಿ, ಎಲ್ಲ ಒಂದೇ ಉಸಿರಿಗೆ ಹೇಳಿದೆ. "ನೀನರ ಹೇಳವಾ ಇವಗ. ಹೊಗಿ ಅವಕ್ಕ ಆಗಂಗಿಲ್ಲ."

ಆಕೆ ಗಂಡನನ್ನು ಎದುರು ಹಾಕಿಕೊಂಡು ಮಾತಾಡಿದ್ದನ್ನು ನಾನು ಎಂದೂ ಕೇಳಿರಲಿಲ್ಲ. ತಲೆಯ ಮೇಲಿನ ಸೆರಗು ಸರಿ ಮಾಡಿಕೊಂಡು ಹೇಳಿದಳು:

"ಅತ್ತಿಗೂ ಆಗ್ತಿರಲಿಲ್ರಿ."

"ಏನು?" ಎಂದ ಕಾಸೀಮಸಾಬ.

"ಲೋಬಾನ. ಅತ್ತಿಗೆ ಲೋಬಾನದ ಹೊಗಿ ಆಗ್ತಿರಲಿಲ್ಲ. ಗುರುವಾರ ನಾ ಮನ್ಯಾಗ ಹಾಕಿದ್ರ ದಮ್ಮು ಹತ್ತತಿತ್ತು. ಕೆಮ್ಮಿ ಕೆಮ್ಮಿ ಹೊರಗ ಹೋಗಿ ಕಟ್ಟಿ ಮ್ಯಾಲ ಕುಂದರ್ತಿದ್ರು, ಹೊಗಿ ಹೋಗೂತನಕ. ಆಮ್ಯಾಲ ಅವರು ಹೊರಗ ಹೋದ ಮ್ಯಾಲನ ಹಾಕ್ತಿದ್ದೆ."

"ನನಗ ಗೊತ್ತ ಇಲ್ಲಲ್ಲ!"

"ನೀವು ಅಂಗಡ್ಯಾಗ ಇರ್ತಿದ್ರಿ. ಮಗಗ ಹೇಳಬ್ಯಾಡ, ಚಿಂತಿ ಮಾಡ್ತಾನ, ಹಜ್ಜಿಗೆ ಕಳಿಸಂಗಿಲ್ಲ ಅಂದಿದ್ರು. ಈಗ ಸತ್ತವರು ಕೆಮ್ಮತಾರೇನು ಅಂತ ನಾನೂ ಸುಮ್ಮನಿದ್ದೆ."

ಕಾಸೀಮಸಾಬ ಕೈಯಲ್ಲಿದ್ದ ಖಾಲಿ ತಟ್ಟೆಯನ್ನು ನೋಡಿದ, ನನ್ನ ಒಲೆ ನೋಡಿದ. ತಟ್ಟೆಯನ್ನು ನನ್ನ ಗಲ್ಲೆಯ ಮೇಲೆ ಇಟ್ಟು ಅಂಗಡಿಗೆ ಹೋದ. ನಾನು ಹಿಂದಿನಿಂದ ಹೋಗಿ ಬಾಗಿಲ ಹಲಗೆಗಳನ್ನೆಲ್ಲ ತೆಗೆದು ಪಕ್ಕಕ್ಕೆ ಇಟ್ಟೆ. ಅವನು ಬೇಡ ಎನ್ನಲಿಲ್ಲ. ತೊಟ್ಟಿಯ ಮುಂದೆ ಸಕ್ಕರೆ ಇಟ್ಟು, ಹೊಗೆ ಇಲ್ಲದೆ, ಎರಡೂ ಕೈ ಎತ್ತಿ ಓದಿದ. ನಡುನಡುವೆ ಓದು ನಿಂತು ಹೋಗುತ್ತಿತ್ತು. ಹಜರತಬೀ ಹೊರಗೆ ನಿಂತಿದ್ದಳು.

ಶುಕ್ರವಾರ ಬೆಳಿಗ್ಗೆ ಅವನು ಓಡಿ ಬರಲಿಲ್ಲ. ನಾನೇ ಚಹಾ ಹಿಡಿದುಕೊಂಡು ಹೋದೆ, ಒಳಗೊಳಗೇ ಹೆದರಿಕೊಂಡು. ಕಲ್ಲಿನ ಮೇಲೆ ಉಳಿದ ಹೂವುಗಳೆಲ್ಲ ತೆರೆದಿದ್ದವು. ಒಂದೂ ಬಿಡದೆ. ಇಷ್ಟು ದಿನದ ಗೋಳು, ಪಾಚಿ, ಮೀಟರು, ಜಗಳ ಎಲ್ಲಕ್ಕೂ ಅಂತೂ ಒಂದು ಕೊನೆ ಸಿಕ್ಕಿತು ಎಂದು ನನಗೆ ಕುಣಿಯಬೇಕು ಎನಿಸಿತು. "ನೋಡಿದ್ಯೇನೋ, ನಾ ಹೇಳಲಿಲ್ಲ?" ಎನ್ನಲು ಬಾಯಿ ತೆರೆದವನು ಅವನ ಮುಖ ನೋಡಿ ಚಹಾವನ್ನು ಅವನ ಪಕ್ಕದಲ್ಲಿಟ್ಟೆ.

"ಹಂಗಂದ್ರ ಅದು ಖರೇ," ಎಂದ. "ಇಷ್ಟ ದಿನ ಆಕಿಗೆ ಉಸಿರು ಕಟ್ಟಿಸಿದೆ ನಾ."

ಚಹಾ ಮುಟ್ಟಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಹಜರತಬೀ ಬುತ್ತಿ ತಂದಳು. ತೊಟ್ಟಿಯ ಕಡೆಯೇ ನೋಡುತ್ತ, ಹೆಂಡತಿಗೆ ಅವನು ಕೇಳಿದ: "ಲೋಬಾನ ಆಗ್ತಿರಲಿಲ್ಲ ಅಂದಿ. ಮತ್ತ ಏನು ಸೇರ್ತಿತ್ತು ನಮ್ಮವ್ವಗ? ಅದನ್ನರ ಹೇಳು. ಮುಂದಿನ ಗುರುವಾರ ಅದನ್ನ ಇಡ್ತೀನಿ."

ಹಜರತಬೀ ಬುತ್ತಿಯ ಗಂಟು ಬಿಚ್ಚುವುದನ್ನು ನಿಲ್ಲಿಸಿದಳು. ನೆನಪು ಮಾಡಿಕೊಳ್ಳಲು ನೋಡಿದಳು. ಅತ್ತೆಯ ಜೊತೆ ಒಂದೇ ಮನೆಯಲ್ಲಿ, ಒಂದೇ ಒಲೆಯ ಮುಂದೆ ಎಷ್ಟೋ ವರ್ಷ ಕಳೆದವಳು.

"ಗೊತ್ತಿಲ್ರಿ," ಎಂದಳು ಕೊನೆಗೆ. "ಅವರಿಗೆ ಏನು ಆಗಂಗಿಲ್ಲ ಅನ್ನೂದಷ್ಟ ನನಗ ಗೊತ್ತಿತ್ತು. ಏನು ಬೇಕು ಅಂತ ನಾನೂ ಕೇಳಲಿಲ್ಲ."